ಡೆಸ್ಕ್‌ಟಾಪ್ ಬದಲಿಸಿದರೂ ವಿಡಿಯೊ ಕಣ್ಣೆದುರೇ ಇರಬೇಕೆಂದರೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹಲವು ಒಂದೇ ತೊಡಕಿನ ಬೇರೆ ಬೇರೆ ಮುಖಗಳಾಗಿರುವುದರಿಂದ ಅವನ್ನು ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ವಿಂಡೋಸ್ 11 ಇರುವ ನನ್ನ ಕಂಪ್ಯೂಟರಿನಲ್ಲಿ ಮೂರು ವರ್ಚುವಲ್ ಡೆಸ್ಕ್‌ಟಾಪ್‌ಗಳಿವೆ, ಅಂದರೆ ಒಂದೇ ಪರದೆಯ ಮೇಲೆ ಬದಲಿಸಿಕೊಳ್ಳಬಹುದಾದ ಮೂರು ಬೇರೆ ಬೇರೆ ಕೆಲಸದ ಜಾಗಗಳು. ಒಂದರಲ್ಲಿ ಬರವಣಿಗೆ, ಇನ್ನೊಂದರಲ್ಲಿ ಬ್ರೌಸರ್, ಮತ್ತೊಂದರಲ್ಲಿ ಇಮೇಲ್. ರೆಕಾರ್ಡ್ ಆದ ಉಪನ್ಯಾಸಗಳನ್ನು ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ನೋಡುತ್ತ ಟಿಪ್ಪಣಿ ಮಾಡಿಕೊಳ್ಳುವುದು ನನ್ನ ರೂಢಿ. ವಿಎಲ್‌ಸಿಯ ವಿಡಿಯೊ ಮೆನುವಿನಲ್ಲಿ ‘ಆಲ್ವೇಸ್ ಆನ್ ಟಾಪ್’ ಆಯ್ಕೆ ಮಾಡಿದ್ದರೂ ಬೇರೆ ಡೆಸ್ಕ್‌ಟಾಪಿಗೆ ಹೋದ ಕೂಡಲೇ ಚಿತ್ರ ಮಾಯವಾಗಿ ಧ್ವನಿ ಮಾತ್ರ ಉಳಿಯುತ್ತದೆ. ವಿಎಲ್‌ಸಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಿಯೂ ಪ್ರಯೋಜನವಾಗಲಿಲ್ಲ. ದೋಷ ಎಲ್ಲಿದೆ?

ಉತ್ತರ: ದೋಷ ಎಲ್ಲಿಯೂ ಇಲ್ಲ. ಒಂದು ವಿಂಡೊ ಸದಾ ಕಾಣುತ್ತಿರಬೇಕು ಎಂದು ನಾವು ಬಯಸಿದಾಗ ಆ ಬಯಕೆಯೊಳಗೆ ಎರಡು ಬೇರೆ ಬೇರೆ ಕೋರಿಕೆಗಳು ಸೇರಿಕೊಂಡಿರುತ್ತವೆ. ಒಂದೇ ಡೆಸ್ಕ್‌ಟಾಪಿನಲ್ಲಿ ಒಂದರ ಮೇಲೊಂದು ತೆರೆದಿರುವ ವಿಂಡೊಗಳ ಪೈಕಿ ಇದು ಎಲ್ಲಕ್ಕಿಂತ ಮೇಲಿರಬೇಕು ಎಂಬುದು ಒಂದು ಕೋರಿಕೆ. ಯಾವ ಡೆಸ್ಕ್‌ಟಾಪಿಗೆ ಹೋದರೂ ಇದು ಅಲ್ಲಿಯೂ ಇರಬೇಕು ಎಂಬುದು ಇನ್ನೊಂದು. ವಿಎಲ್‌ಸಿಯ ‘ಆಲ್ವೇಸ್ ಆನ್ ಟಾಪ್’ ಈಡೇರಿಸುವುದು ಮೊದಲನೆಯದನ್ನು ಮಾತ್ರ. ನೀವು ಮೊದಲ ಡೆಸ್ಕ್‌ಟಾಪಿನಲ್ಲಿ ತೆರೆದ ವಿಂಡೊ ಆ ಡೆಸ್ಕ್‌ಟಾಪಿಗೆ ಸೇರಿದ್ದು. ಅಲ್ಲಿ ಅದು ಎಲ್ಲಕ್ಕಿಂತ ಮೇಲೆಯೇ ಇದೆ, ಆದರೆ ನೀವು ಅಲ್ಲಿಂದ ಹೊರಟುಹೋಗಿದ್ದೀರಿ. ಧ್ವನಿಗೆ ಡೆಸ್ಕ್‌ಟಾಪಿನ ಹಂಗಿಲ್ಲವಾದ್ದರಿಂದ ಅದು ಕೇಳಿಸುತ್ತಲೇ ಇರುತ್ತದೆ.

ಎರಡನೆಯ ಕೋರಿಕೆಯನ್ನು ವಿಂಡೋಸ್‌ಗೇ ಸಲ್ಲಿಸಬೇಕು. ವಿಂಡೋಸ್ ಕೀ ಮತ್ತು ಟ್ಯಾಬ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ವ್ಯೂ ತೆರೆದುಕೊಂಡು, ಈಗಿನ ಡೆಸ್ಕ್‌ಟಾಪಿನ ವಿಂಡೊಗಳೆಲ್ಲ ಚಿಕ್ಕ ಚಿತ್ರಗಳಾಗಿ ಕಾಣುತ್ತವೆ. ವಿಎಲ್‌ಸಿಯ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯಲ್ಲಿ ‘ಶೋ ದಿಸ್ ವಿಂಡೊ ಆನ್ ಆಲ್ ಡೆಸ್ಕ್‌ಟಾಪ್ಸ್’ ಎಂಬ ಸಾಲನ್ನು ಆರಿಸಿ. ಇನ್ನು ಕಂಟ್ರೋಲ್ ಮತ್ತು ವಿಂಡೋಸ್ ಕೀಗಳನ್ನು ಹಿಡಿದು ಎಡ ಅಥವಾ ಬಲ ಬಾಣವನ್ನು ಒತ್ತಿ ಡೆಸ್ಕ್‌ಟಾಪ್ ಬದಲಿಸಿದರೆ ಹಿನ್ನೆಲೆಯ ವಿಂಡೊಗಳು ಬದಲಾಗುತ್ತವೆ, ವಿಡಿಯೊ ಇದ್ದಲ್ಲೇ ಇರುತ್ತದೆ. ವಿಎಲ್‌ಸಿಯೊಳಗಿನ ‘ಆಲ್ವೇಸ್ ಆನ್ ಟಾಪ್’ ಆಯ್ಕೆಯನ್ನು ತೆಗೆಯಬೇಡಿ, ಏಕೆಂದರೆ ಅದಿಲ್ಲದಿದ್ದರೆ ವಿಡಿಯೊ ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ಇದ್ದು, ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ಇನ್ನೊಂದು ವಿಂಡೊದ ಹಿಂದೆ ಮರೆಯಾಗಿಬಿಡಬಹುದು. ಎರಡೂ ಆಯ್ಕೆಗಳು ಒಟ್ಟಿಗೆ ಇದ್ದಾಗಲೇ ನಿಮ್ಮ ಉದ್ದೇಶ ನೆರವೇರುವುದು. 2015ರ ಜುಲೈನಲ್ಲಿ ಬಂದ ಮೊದಲ ವಿಂಡೋಸ್ 10ರಲ್ಲಿ ವರ್ಚುವಲ್ ಡೆಸ್ಕ್‌ಟಾಪ್‌ಗಳಿದ್ದರೂ ಈ ಸೌಲಭ್ಯ ಇರಲಿಲ್ಲ. 2016ರ ಆನಿವರ್ಸರಿ ಅಪ್‌ಡೇಟ್ ಜೊತೆಗೆ ಅದು ಸೇರಿತು. ಅದಕ್ಕೂ ಹಿಂದೆ ಬರೆದ ಸಲಹೆಗಳನ್ನು ಓದಿ ‘ವಿಂಡೋಸ್‌ನಲ್ಲಿ ಇದು ಸಾಧ್ಯವೇ ಇಲ್ಲ’ ಎಂದು ನಂಬಿಕೊಂಡವರು ಈಗಲೂ ಇದ್ದಾರೆ.

ಅದೇ ಪಟ್ಟಿಯಲ್ಲಿ ‘ಶೋ ವಿಂಡೋಸ್ ಫ್ರಮ್ ದಿಸ್ ಆ್ಯಪ್ ಆನ್ ಆಲ್ ಡೆಸ್ಕ್‌ಟಾಪ್ಸ್’ ಎಂಬ ಇನ್ನೊಂದು ಸಾಲಿದೆ. ಮೊದಲನೆಯದು ಆ ಒಂದು ವಿಂಡೊಗೆ ಮಾತ್ರ ಅನ್ವಯಿಸಿ, ಅದನ್ನು ಮುಚ್ಚಿದೊಡನೆ ರದ್ದಾಗುತ್ತದೆ. ಎರಡನೆಯದು ಆ ಪ್ರೋಗ್ರಾಂ ತೆರೆಯುವ ಎಲ್ಲ ವಿಂಡೊಗಳಿಗೂ ಅನ್ವಯಿಸುತ್ತದೆ. ಮೀಡಿಯಾ ಪ್ಲೇಯರ್‌ಗೆ ನಮ್ಮ ಸಲಹೆ ಎರಡನೆಯದೇ. ಫೈಲ್ ಒಂದನ್ನು ಡಬಲ್ ಕ್ಲಿಕ್ ಮಾಡಿದಾಗ ವಿಎಲ್‌ಸಿ ಹೊಸದೊಂದು ವಿಂಡೊವನ್ನು ತೆರೆಯುವಂತೆ ಹೊಂದಿಕೆಯಾಗಿದ್ದರೆ, ಮೊದಲ ವಿಂಡೊಗೆ ಕೊಟ್ಟ ಅನುಮತಿ ಈ ಹೊಸದಕ್ಕೆ ದಕ್ಕುವುದಿಲ್ಲ. ಎರಡನೆಯ ಉಪನ್ಯಾಸಕ್ಕೆ ಹೋದಾಗ ‘ನಿನ್ನೆ ಸರಿಯಿತ್ತು, ಇಂದು ಕೆಟ್ಟಿತು’ ಎನಿಸುವುದು ಇದರಿಂದಲೇ. ಪ್ರಿಫರೆನ್ಸಸ್‌ನ ಇಂಟರ್‌ಫೇಸ್ ಪುಟದಲ್ಲಿ ‘ಅಲೋ ಓನ್ಲಿ ಒನ್ ಇನ್‌ಸ್ಟೆನ್ಸ್’ ಎಂಬುದನ್ನು ಗುರುತು ಮಾಡಿಕೊಂಡರೂ ಈ ಕಿರಿಕಿರಿ ತಪ್ಪುತ್ತದೆ. ಅದೇ ಪುಟದಲ್ಲಿರುವ ‘ರಿಸೈಜ್ ಇಂಟರ್‌ಫೇಸ್ ಟು ವಿಡಿಯೊ ಸೈಜ್’ ಎಂಬುದರ ಗುರುತನ್ನು ತೆಗೆದುಹಾಕಿ. ಇಲ್ಲವಾದರೆ ಮೂಲೆಯಲ್ಲಿ ಚಿಕ್ಕದಾಗಿ ಕೂರಿಸಿದ ವಿಂಡೊ ಮುಂದಿನ ವಿಡಿಯೊ ಶುರುವಾದೊಡನೆ ಹಿಗ್ಗಿ ಪರದೆಯನ್ನೆಲ್ಲ ಆವರಿಸಬಹುದು. ಕಂಟ್ರೋಲ್ ಮತ್ತು ಎಚ್ ಕೀಗಳನ್ನು ಒತ್ತಿದರೆ ಮೆನು, ಗುಂಡಿಗಳು ಮರೆಯಾಗಿ ಚಿತ್ರಕ್ಕೆ ಹೆಚ್ಚು ಜಾಗ ಸಿಗುತ್ತದೆ. ಮತ್ತೆ ಒತ್ತಿದರೆ ಅವು ಹಿಂದಿರುಗುತ್ತವೆ.

‘ಆಲ್ವೇಸ್ ಆನ್ ಟಾಪ್’ ಸೌಲಭ್ಯವೇ ಇಲ್ಲದ ಪ್ಲೇಯರ್ ಬಳಸುವವರು ಮೈಕ್ರೊಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್ ಎಂಬ ಚಿಕ್ಕ ಸಾಧನಗಳ ಕಟ್ಟನ್ನು ಹಾಕಿಕೊಳ್ಳಬಹುದು. ಅದರಲ್ಲಿ ವಿಂಡೋಸ್, ಕಂಟ್ರೋಲ್ ಮತ್ತು ಟಿ ಕೀಗಳನ್ನು ಒಟ್ಟಿಗೆ ಒತ್ತಿದರೆ ಆ ಹೊತ್ತಿಗೆ ಬಳಕೆಯಲ್ಲಿರುವ ವಿಂಡೊ ಮೇಲೆ ನಿಲ್ಲುತ್ತದೆ. ಇದೂ ಮೊದಲನೆಯ ಕೋರಿಕೆಯನ್ನಷ್ಟೇ ಪೂರೈಸುವಂಥದ್ದು.

ಪ್ರಶ್ನೆ: ಇಷ್ಟೆಲ್ಲ ಸುತ್ತಾಟ ಏಕೆ? ‘ಎಲ್ಲ ಡೆಸ್ಕ್‌ಟಾಪ್‌ಗಳಲ್ಲಿ ತೋರಿಸು’ ಎಂಬ ಒಂದು ಗುಂಡಿಯನ್ನು ಪ್ಲೇಯರ್ ತಯಾರಿಸುವವರೇ ಇಡಬಾರದೇ?

ಉತ್ತರ: ನ್ಯಾಯವಾದ ಪ್ರಶ್ನೆ. ಆದರೆ ಯಾವ ವಿಂಡೊ ಯಾವ ಡೆಸ್ಕ್‌ಟಾಪಿನಲ್ಲಿ ಇರಬೇಕು ಎಂಬ ನಿರ್ಧಾರ ಪ್ಲೇಯರ್‌ನ ಕೈಯಲ್ಲಿಲ್ಲ. ಅದು ವಿಂಡೊಗಳನ್ನು ನಿರ್ವಹಿಸುವ ವ್ಯವಸ್ಥೆಯ ಅಧಿಕಾರ. ಪ್ಲೇಯರ್ ಹೆಚ್ಚೆಂದರೆ ಮನವಿ ಮಾಡಿಕೊಳ್ಳಬಹುದು, ಮತ್ತು ಆ ಮನವಿಯನ್ನು ಸಲ್ಲಿಸುವ ದಾರಿಯನ್ನು ವ್ಯವಸ್ಥೆ ತೆರೆದಿಟ್ಟಿರಬೇಕು.

ವಿಂಡೋಸ್‌ನಲ್ಲಿ ಆ ದಾರಿ ಅಧಿಕೃತವಾಗಿ ತೆರೆದಿಲ್ಲ. ಪ್ರೋಗ್ರಾಂ ಬರೆಯುವವರಿಗೆ ಮೈಕ್ರೊಸಾಫ್ಟ್ ಪ್ರಕಟಿಸಿರುವ ವರ್ಚುವಲ್ ಡೆಸ್ಕ್‌ಟಾಪ್ ಸೌಲಭ್ಯದಲ್ಲಿ ಇರುವುದು ಮೂರೇ ಕೆಲಸಗಳು: ಒಂದು ವಿಂಡೊ ಈಗಿನ ಡೆಸ್ಕ್‌ಟಾಪಿನಲ್ಲಿದೆಯೇ ಎಂದು ಕೇಳುವುದು, ಅದು ಯಾವ ಡೆಸ್ಕ್‌ಟಾಪಿಗೆ ಸೇರಿದೆ ಎಂದು ತಿಳಿಯುವುದು, ಅದನ್ನು ಬೇರೊಂದಕ್ಕೆ ಸಾಗಿಸುವುದು. ಎಲ್ಲದರಲ್ಲೂ ತೋರಿಸುವ ಕೆಲಸವನ್ನು ಟಾಸ್ಕ್ ವ್ಯೂ ತನ್ನೊಳಗಿನ, ಹೊರಗೆ ಪ್ರಕಟಿಸದ ದಾರಿಯಲ್ಲಿ ಮಾಡಿಕೊಳ್ಳುತ್ತದೆ. ಆ ಒಳದಾರಿಯನ್ನು ಹುಡುಕಿ ಬಳಸುವ ಚಿಕ್ಕ ಸಾಧನಗಳನ್ನು ಕೆಲವರು ಬರೆದಿರುವುದು ನಿಜ. ಆದರೆ ವಿಂಡೋಸ್‌ನ ಆವೃತ್ತಿ ಬದಲಾದಾಗ ಒಳದಾರಿಯೂ ಬದಲಾಗಿ ಅವು ಕೆಲಸ ನಿಲ್ಲಿಸುತ್ತವೆ. ಕೋಟ್ಯಂತರ ಜನ ಬಳಸುವ ಪ್ಲೇಯರೊಂದು ಅಂಥ ದಾರಿಯನ್ನು ನೆಚ್ಚಿಕೊಳ್ಳದಿರುವುದೇ ವಿವೇಕ.

ಮ್ಯಾಕ್‌ನಲ್ಲಿ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಪ್ರೋಗ್ರಾಂ ತನ್ನ ವಿಂಡೊ ಎಲ್ಲ ಸ್ಪೇಸ್‌ಗಳಲ್ಲೂ (ಮ್ಯಾಕ್‌ನ ವರ್ಚುವಲ್ ಡೆಸ್ಕ್‌ಟಾಪ್‌ಗಳಲ್ಲೂ) ಇರಲಿ ಎಂದು ತಾನೇ ಘೋಷಿಸಿಕೊಳ್ಳಲು ಆ್ಯಪಲ್ ಅಧಿಕೃತ ಅವಕಾಶ ಕೊಟ್ಟಿದೆ. ವಿಂಡೊಗಳನ್ನು ಪರದೆಯ ಮೇಲೆ ಮೂಡಿಸುವ, ಲಿನಕ್ಸ್‌ನ ಹಳೆಯ ಎಕ್ಸ್11 ವ್ಯವಸ್ಥೆಯಲ್ಲೂ ಇಂಥ ಮನವಿಗೆ ಒಂದು ಒಪ್ಪಿತ ನಿಯಮವಿದೆ: ವಿಂಡೊ ಸೇರಿರುವ ಡೆಸ್ಕ್‌ಟಾಪಿನ ಸಂಖ್ಯೆಯನ್ನು ಬರೆದಿಡುವ ಜಾಗದಲ್ಲಿ, 32 ಬಿಟ್‌ಗಳೂ 1 ಆಗಿರುವ ಸಂಖ್ಯೆಯನ್ನು ಬರೆದರೆ ಅದು ‘ಎಲ್ಲ ಡೆಸ್ಕ್‌ಟಾಪ್‌ಗಳು’ ಎಂದಾಗುತ್ತದೆ. 2008ರಲ್ಲಿ ಆರಂಭವಾಗಿ 2012ರಲ್ಲಿ 1.0 ಆವೃತ್ತಿಗೆ ತಲುಪಿದ, ಎಕ್ಸ್11ಕ್ಕೆ ಬದಲಿಯಾದ ವೇಲ್ಯಾಂಡ್‌ನ ಸಾಮಾನ್ಯ ವಿಂಡೊ ನಿಯಮಗಳಲ್ಲಿ ಮಾತ್ರ, ಎಲ್ಲಕ್ಕಿಂತ ಮೇಲೆ ನಿಲ್ಲಿಸು ಎಂದು ಕೇಳುವುದಕ್ಕಾಗಲಿ, ಎಲ್ಲ ಡೆಸ್ಕ್‌ಟಾಪ್‌ಗಳಲ್ಲಿ ತೋರಿಸು ಎಂದು ಕೇಳುವುದಕ್ಕಾಗಲಿ ಪ್ರೋಗ್ರಾಂಗಳಿಗೆ ಅವಕಾಶವಿಲ್ಲ. ಇದು ಮರೆವಿನಿಂದ ಆದದ್ದಲ್ಲ. ಯಾವ ಪ್ರೋಗ್ರಾಂ ಬೇಕಾದರೂ ಎಲ್ಲದರ ಮೇಲೆ ಬಂದು ಕೂರಬಹುದಾದರೆ ಜಾಹೀರಾತಿನ ವಿಂಡೊವೂ ಕೂರುತ್ತದೆ, ಪಾಸ್‌ವರ್ಡ್ ಕದಿಯುವ ಸುಳ್ಳು ವಿಂಡೊವೂ ಕೂರುತ್ತದೆ. ಆದ್ದರಿಂದ ಆ ಹಕ್ಕು ಬಳಕೆದಾರನಿಗಿರಲಿ ಎಂಬುದು ಅಲ್ಲಿಯ ನಿಲುವು. ನಮ್ಮ ಅಭಿಪ್ರಾಯದಲ್ಲಿ ನಿಲುವು ಸರಿ. ಆದರೆ ಆ ಹಕ್ಕನ್ನು ಚಲಾಯಿಸುವ ಮೆನು ಎಲ್ಲಿದೆ ಎಂದು ಬಳಕೆದಾರನಿಗೆ ಸುಲಭವಾಗಿ ಕಾಣುವಂತೆಯೂ ಮಾಡಬೇಕಿತ್ತು.

ಅಂದಹಾಗೆ, ನೀವು ಕೇಳುತ್ತಿರುವ ಸೌಲಭ್ಯ ವರ್ಚುವಲ್ ಡೆಸ್ಕ್‌ಟಾಪಿನ ಕಲ್ಪನೆಯಷ್ಟೇ ಹಳೆಯದು. 1986ರಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ ವಿವರಿಸಿದ ‘ರೂಮ್ಸ್’ ವ್ಯವಸ್ಥೆಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆಯಿದ್ದರೆ, ಯಾವ ಕೋಣೆಗೆ ಹೋದರೂ ಜೊತೆಗಿರಬೇಕಾದ ವಿಂಡೊಗಳನ್ನು ಇಟ್ಟುಕೊಳ್ಳಲು ‘ಜೇಬು’ ಎಂಬ ಏರ್ಪಾಡೂ ಇತ್ತು.

ಪ್ರಶ್ನೆ: ಲಿನಕ್ಸ್‌ನಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪ್ ವ್ಯವಸ್ಥೆಯನ್ನು ಬಳಸುತ್ತಿದ್ದೇನೆ, ಸ್ನೇಹಿತರು ಕೆಡಿಇ ಎಂಬ ಇನ್ನೊಂದನ್ನು ಬಳಸುತ್ತಾರೆ. ಪ್ಲೇಯರ್ ತೆರೆದಾಗಲೆಲ್ಲ ಹೊಸದಾಗಿ ಹೊಂದಿಸದೆ, ತಾನಾಗಿಯೇ ಎಲ್ಲ ವರ್ಕ್‌ಸ್ಪೇಸ್‌ಗಳಲ್ಲಿ (ಅಂದರೆ ವರ್ಚುವಲ್ ಡೆಸ್ಕ್‌ಟಾಪ್‌ಗಳಲ್ಲಿ) ಮೇಲೆ ಬರುವಂತೆ ಮಾಡಬಹುದೇ?

ಉತ್ತರ: ನಿಮ್ಮ ಸ್ನೇಹಿತರಿಗೆ ಸುಲಭ, ನಿಮಗೆ ಸ್ವಲ್ಪ ಕಷ್ಟ.

ಗ್ನೋಮ್‌ನಲ್ಲಿ ಪ್ಲೇಯರ್ ವಿಂಡೊದ ತಲೆಪಟ್ಟಿಯ ಮೇಲೆ ಬಲಗುಂಡಿ ಒತ್ತಿದರೆ, ಅಥವಾ ಆ ವಿಂಡೊದಲ್ಲಿದ್ದು ಆಲ್ಟ್ ಮತ್ತು ಸ್ಪೇಸ್ ಒತ್ತಿದರೆ ಬರುವ ಮೆನುವಿನಲ್ಲಿ ‘ಆಲ್ವೇಸ್ ಆನ್ ಟಾಪ್’ ಮತ್ತು ‘ಆಲ್ವೇಸ್ ಆನ್ ವಿಸಿಬಲ್ ವರ್ಕ್‌ಸ್ಪೇಸ್’ ಎಂಬ ಎರಡು ಸಾಲುಗಳು ಸಿಗುತ್ತವೆ. ಎರಡನ್ನೂ ಆರಿಸಬೇಕು. ತಲೆಪಟ್ಟಿಯೇ ಇಲ್ಲದ ವಿಂಡೊಗಳಲ್ಲಿ ಸೂಪರ್ ಕೀಯನ್ನು (ವಿಂಡೋಸ್ ಚಿಹ್ನೆಯಿರುವ ಕೀಯನ್ನು) ಹಿಡಿದು ಚಿತ್ರದ ಮೇಲೆ ಎಲ್ಲಿಯಾದರೂ ಬಲಗುಂಡಿ ಒತ್ತಿದರೆ ಅದೇ ಮೆನು ತೆರೆಯುತ್ತದೆ. ಈ ಒಂದು ಉಪಾಯವನ್ನು ತಿಳಿದಿರುವವರು ಕಡಿಮೆ, ತಿಳಿದವರು ಬಿಡುವುದಿಲ್ಲ. ಆದರೆ ವಿಂಡೊ ಮುಚ್ಚಿದೊಡನೆ ಈ ಆಯ್ಕೆಗಳೂ ಹೋಗುತ್ತವೆ. ಅವನ್ನು ನೆನಪಿಟ್ಟುಕೊಳ್ಳುವ ವ್ಯವಸ್ಥೆ ಗ್ನೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಇಲ್ಲವಾದ್ದರಿಂದ ಎಕ್ಸ್‌ಟೆನ್ಷನ್ (ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ) ಒಂದರ ಮೊರೆ ಹೋಗಬೇಕಾಗುತ್ತದೆ, ಮತ್ತು ಗ್ನೋಮ್‌ನ ಹೊಸ ಆವೃತ್ತಿಗೆ ಹೋಗುವ ಮುನ್ನ ಆ ಎಕ್ಸ್‌ಟೆನ್ಷನ್ ಅದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಬೇಕಾಗುತ್ತದೆ.

ಕೆಡಿಇಯಲ್ಲಿ ವಿಂಡೊ ರೂಲ್ಸ್ ಎಂಬ ಸಮೃದ್ಧವಾದ ಏರ್ಪಾಡಿದೆ. ಪ್ಲೇಯರ್ ತೆರೆದಿರುವಾಗ ಆಲ್ಟ್ ಮತ್ತು ಎಫ್3 ಒತ್ತಿ, ‘ಮೋರ್ ಆ್ಯಕ್ಷನ್ಸ್’ ಒಳಗಿರುವ, ಆ ವಿಂಡೊಗೆ ವಿಶೇಷ ಹೊಂದಿಕೆಗಳನ್ನು ಬರೆಯುವ ಸಾಲಿಗೆ ಹೋದರೆ ವಿಂಡೊದ ಗುರುತು ಆಗಲೇ ತುಂಬಿಸಲ್ಪಟ್ಟಿರುವ ನಿಯಮವೊಂದು ತೆರೆಯುತ್ತದೆ. ಅದಕ್ಕೆ ವರ್ಚುವಲ್ ಡೆಸ್ಕ್‌ಟಾಪ್ ಎಂಬ ಗುಣವನ್ನು ಸೇರಿಸಿ ‘ಆಲ್ ಡೆಸ್ಕ್‌ಟಾಪ್ಸ್’ ಎಂದೂ, ‘ಕೀಪ್ ಅಬೌ’ ಎಂಬ ಗುಣವನ್ನು ಸೇರಿಸಿ ‘ಯೆಸ್’ ಎಂದೂ ಇಡಬೇಕು. ಪ್ರತಿ ಗುಣದ ಪಕ್ಕದಲ್ಲಿ ಅದನ್ನು ಹೇಗೆ ಜಾರಿ ಮಾಡಬೇಕೆಂಬ ಆಯ್ಕೆಯಿರುತ್ತದೆ. ‘ಫೋರ್ಸ್’ ಎಂದರೆ ನೀವು ಕೈಯಾರೆ ಬದಲಿಸಲು ಹೋದರೂ ಬಿಡದ ಬಿಗಿ ನಿಯಮ. ‘ಅಪ್ಲೈ ಇನಿಷಿಯಲಿ’ ಎಂದರೆ ವಿಂಡೊ ತೆರೆಯುವಾಗ ಮಾತ್ರ ಅನ್ವಯಿಸಿ ಆಮೇಲೆ ನಿಮ್ಮ ಇಷ್ಟಕ್ಕೆ ಬಿಡುವುದು. ಒಮ್ಮೊಮ್ಮೆ ವಿಡಿಯೊ ಒಂದೇ ಡೆಸ್ಕ್‌ಟಾಪಿನಲ್ಲಿ ಇದ್ದರೆ ಸಾಕು ಎನಿಸುವವರಿಗೆ ಎರಡನೆಯದು ಒಳ್ಳೆಯದು. ಕೆಡಿಇಯಲ್ಲಿ ಡೆಸ್ಕ್‌ಟಾಪ್‌ಗಳಲ್ಲದೆ ಆ್ಯಕ್ಟಿವಿಟಿಗಳು ಎಂಬ ಬೇರೊಂದು ಬಗೆಯ ಕೆಲಸದ ವಿಂಗಡಣೆಯೂ ಇರುವುದರಿಂದ, ಅವನ್ನು ಬಳಸುವವರು ಎಲ್ಲ ಆ್ಯಕ್ಟಿವಿಟಿಗಳಿಗೂ ಅನ್ವಯವಾಗುವಂತೆ ಬೇರೆಯಾಗಿ ಹೊಂದಿಸಬೇಕು. ಎಲ್ಲ ಡೆಸ್ಕ್‌ಟಾಪ್‌ಗಳಲ್ಲಿರುವ ವಿಂಡೊ ಎಲ್ಲ ಆ್ಯಕ್ಟಿವಿಟಿಗಳಲ್ಲಿ ಇರುತ್ತದೆ ಎಂದೇನೂ ಇಲ್ಲ.

ಎಕ್ಸ್11ನಲ್ಲಿಯೇ ಇರುವವರು ಎಂಪಿವಿ ಪ್ಲೇಯರನ್ನು ಒಮ್ಮೆ ನೋಡಬಹುದು. ಮೇಲೆ ನಿಲ್ಲುವುದಕ್ಕೆ ‘ಆನ್‌ಟಾಪ್’ ಎಂದೂ, ಎಲ್ಲ ಡೆಸ್ಕ್‌ಟಾಪ್‌ಗಳಲ್ಲಿ ಕಾಣುವುದಕ್ಕೆ ‘ಆನ್-ಆಲ್-ವರ್ಕ್‌ಸ್ಪೇಸಸ್’ ಎಂದೂ ಎರಡು ಆಯ್ಕೆಗಳು ಅದರಲ್ಲೇ ಇದ್ದು, ಹೊಂದಿಕೆಯ ಕಡತದಲ್ಲಿ ಒಮ್ಮೆ ಬರೆದಿಟ್ಟರೆ ಸಾಕು. ವಿಂಡೊಗಳನ್ನು ಪಕ್ಕಪಕ್ಕದಲ್ಲಿ ತಾನೇ ಜೋಡಿಸಿಡುವ ಐ3 ಎಂಬ ವಿಂಡೊ ನಿರ್ವಾಹಕವನ್ನು ಬಳಸುವವರು ‘ಸ್ಟಿಕಿ’ ಎಂಬ ಆದೇಶ ತೇಲುವ ವಿಂಡೊಗಳಿಗೆ ಮಾತ್ರ ಫಲ ಕೊಡುತ್ತದೆ ಎಂಬುದನ್ನು ನೆನಪಿಡಬೇಕು. ಜೋಡಿಸಿಟ್ಟ ವಿಂಡೊವನ್ನು ಮೊದಲು ತೇಲಿಸಿ, ಅನಂತರ ಆ ಆದೇಶ ಕೊಡಬೇಕು.

ಪ್ರಶ್ನೆ: ಮ್ಯಾಕ್‌ನಲ್ಲಿ ಇದಕ್ಕೆ ಏನು ಮಾಡಬೇಕು? ಬರೆಯುವ ಪ್ರೋಗ್ರಾಂ ಅನ್ನು ಪೂರ್ಣ ಪರದೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನನ್ನದು.

ಉತ್ತರ: ಸ್ಪೇಸಸ್ ಎಂಬ ಹೆಸರಿನಲ್ಲಿ ವರ್ಚುವಲ್ ಡೆಸ್ಕ್‌ಟಾಪ್‌ಗಳು ಮ್ಯಾಕ್‌ಗೆ ಬಂದದ್ದು 2007ರ ಲೆಪರ್ಡ್ ಆವೃತ್ತಿಯಲ್ಲಿ. ಪ್ಲೇಯರ್ ತೆರೆದಿರುವಾಗ ಡಾಕ್‌ನಲ್ಲಿರುವ ಅದರ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ, ‘ಆಪ್ಷನ್ಸ್’ ಒಳಗೆ ‘ಅಸೈನ್ ಟು’ ಎಂಬುದರ ಕೆಳಗಿರುವ ‘ಆಲ್ ಡೆಸ್ಕ್‌ಟಾಪ್ಸ್’ ಆರಿಸಿ. ಆ ಸಾಲುಗಳು ಕಾಣದಿದ್ದರೆ ನಿಮ್ಮಲ್ಲಿ ಒಂದೇ ಡೆಸ್ಕ್‌ಟಾಪ್ ಇದೆ ಎಂದರ್ಥ. ತೆರೆದ ವಿಂಡೊಗಳನ್ನೂ ಸ್ಪೇಸ್‌ಗಳನ್ನೂ ಒಟ್ಟಿಗೆ ತೋರಿಸುವ ಮಿಷನ್ ಕಂಟ್ರೋಲ್‌ನಲ್ಲಿ ಇನ್ನೊಂದನ್ನು ಸೇರಿಸಿದ ಮೇಲೆ ಅವು ಕಾಣಿಸಿಕೊಳ್ಳುತ್ತವೆ. ಮೇಲೆ ನಿಲ್ಲುವುದಕ್ಕೆ ಕ್ವಿಕ್‌ಟೈಮ್ ಪ್ಲೇಯರ್‌ನ ವ್ಯೂ ಮೆನುವಿನಲ್ಲಿಯೂ ವಿಎಲ್‌ಸಿಯ ವಿಡಿಯೊ ಮೆನುವಿನಲ್ಲಿಯೂ ‘ಫ್ಲೋಟ್ ಆನ್ ಟಾಪ್’ ಇದೆ.

ಆದರೆ ನಿಮ್ಮ ಅಭ್ಯಾಸಕ್ಕೆ ಇಷ್ಟು ಸಾಲದು. ಪೂರ್ಣ ಪರದೆಗೆ ಹೋದ ಪ್ರೋಗ್ರಾಂ ಮ್ಯಾಕ್‌ನಲ್ಲಿ ಸ್ವಂತದ ಪ್ರತ್ಯೇಕ ಸ್ಪೇಸ್ ಪಡೆಯುತ್ತದೆ, ಮತ್ತು ‘ಆಲ್ ಡೆಸ್ಕ್‌ಟಾಪ್ಸ್’ ಎಂದು ಗುರುತಾದ ಸಾಮಾನ್ಯ ವಿಂಡೊಗೆ ಅಲ್ಲಿ ಪ್ರವೇಶವಿಲ್ಲ. 2016ರ ಸಿಯೆರಾ ಆವೃತ್ತಿಯಿಂದ ಇರುವ ಪಿಕ್ಚರ್ ಇನ್ ಪಿಕ್ಚರ್ ವಿಂಡೊ, ಅಂದರೆ ವಿಡಿಯೊ ಮಾತ್ರ ಕಾಣುವ ತೇಲುವ ಚಿಕ್ಕ ವಿಂಡೊ, ಮಾತ್ರ ಅಲ್ಲಿಗೂ ಬರುತ್ತದೆ. ಹೀಗಾಗಿ ಆ ಸೌಲಭ್ಯವಿರುವ ಪ್ಲೇಯರ್‌ನಲ್ಲಿ, ಅಂದರೆ ಕ್ವಿಕ್‌ಟೈಮ್, ಐಐಎನ್‌ಎ ಅಥವಾ ಸಫಾರಿಯಲ್ಲಿ, ನೋಡುವುದು ನಿಮಗೆ ಸೂಕ್ತ. ಇಲ್ಲವೇ ಬರೆಯುವ ವಿಂಡೊವನ್ನು ಪೂರ್ಣ ಪರದೆಗೆ ಕಳಿಸದೆ ಅಂಚಿನಿಂದ ಅಂಚಿಗೆ ಹಿಗ್ಗಿಸಿಟ್ಟುಕೊಳ್ಳಿ. ಮೇಲಿನ ಮೆನುಪಟ್ಟಿಯ ಜಾಗವಷ್ಟೇ ನಷ್ಟ.

ಪ್ರಶ್ನೆ: ನಾನು ಪ್ಲೇಯರ್ ಬಳಸುವುದೇ ಇಲ್ಲ, ಬ್ರೌಸರ್‌ನಲ್ಲೇ ನೋಡುತ್ತೇನೆ. ಬ್ರೌಸರ್ ಅನ್ನು ಎಲ್ಲ ಡೆಸ್ಕ್‌ಟಾಪ್‌ಗಳಲ್ಲಿ ತೋರಿಸುವಂತೆ ಮಾಡಿದೆ, ಆದರೆ ಈಗ ಬ್ರೌಸರ್‌ನ ಎಲ್ಲ ವಿಂಡೊಗಳೂ ಹೋದಲ್ಲೆಲ್ಲ ಹಿಂಬಾಲಿಸುತ್ತಿವೆ.

ಉತ್ತರ: ನೀವು ವಿಂಡೊಗೆ ಬದಲು ಇಡೀ ಪ್ರೋಗ್ರಾಂಗೆ ಅನುಮತಿ ಕೊಟ್ಟಿದ್ದೀರಿ. ಪ್ಲೇಯರ್‌ಗೆ ಆ ಸಾಲು ಒಳ್ಳೆಯದೆಂದು ಮೇಲೆ ಹೇಳಿದೆವು. ಬ್ರೌಸರ್‌ಗೆ ಅದು ಹೊಂದುವುದಿಲ್ಲ. ಟಾಸ್ಕ್ ವ್ಯೂನಲ್ಲಿ ಅದೇ ಸಾಲನ್ನು ಮತ್ತೆ ಒತ್ತಿ ರದ್ದುಮಾಡಿ.

ಆಮೇಲೆ ವಿಡಿಯೊವನ್ನು ಪಿಕ್ಚರ್ ಇನ್ ಪಿಕ್ಚರ್ ಆಗಿ ಬಿಡಿಸಿಕೊಳ್ಳಿ. ಕ್ರೋಮ್‌ನಲ್ಲಿ 2018ರಲ್ಲಿ ಬಂದ 70ನೇ ಆವೃತ್ತಿಯಿಂದಲೂ, ವಿಂಡೋಸ್‌ನ ಫೈರ್‌ಫಾಕ್ಸ್‌ನಲ್ಲಿ 2019ರ ಡಿಸೆಂಬರ್‌ನ 71ನೇ ಆವೃತ್ತಿಯಿಂದಲೂ ಇದು ಸಾಧ್ಯ. ಹೀಗೆ ಹೊರಬಂದ ಚಿಕ್ಕ ವಿಂಡೊ ಇತರ ವಿಂಡೊಗಳ ಮೇಲೆ ನಿಲ್ಲುವಂತೆ ರೂಪಿತವಾದದ್ದು. ಡೆಸ್ಕ್‌ಟಾಪ್ ಬದಲಿಸಿದಾಗ ಅದು ಜೊತೆಗೆ ಬಾರದಿದ್ದರೆ, ಟಾಸ್ಕ್ ವ್ಯೂನಲ್ಲಿ ಆ ಚಿಕ್ಕ ವಿಂಡೊವನ್ನಷ್ಟೇ ಹಿಡಿದು ‘ಶೋ ದಿಸ್ ವಿಂಡೊ’ ಎಂಬ ಸಾಲನ್ನು ಆರಿಸಿ. ವೇಲ್ಯಾಂಡ್ ಮೇಲಿನ ಗ್ನೋಮ್‌ನಲ್ಲಾದರೆ ಫೈರ್‌ಫಾಕ್ಸ್‌ನ ಈ ವಿಂಡೊ ತಾನಾಗಿ ಮೇಲೆ ನಿಲ್ಲುವುದಿಲ್ಲ. ಕಾರಣವನ್ನು ಎರಡನೆಯ ಉತ್ತರದಲ್ಲಿ ಹೇಳಿದ್ದೇವೆ. ಅಲ್ಲಿ ಸೂಪರ್ ಕೀ ಮತ್ತು ಬಲಗುಂಡಿಯ ಉಪಾಯವೇ ಗತಿ. ಕೆಡಿಇಯಲ್ಲಿ ನಿಯಮ ಬರೆಯುವಾಗ ವಿಂಡೊದ ಶೀರ್ಷಿಕೆಯನ್ನೂ ಸೇರಿಸಿಕೊಳ್ಳಬೇಕು, ಇಲ್ಲದಿದ್ದರೆ ಇಡೀ ಬ್ರೌಸರ್‌ಗೆ ಅದು ಅನ್ವಯಿಸಿ ನೀವು ಈಗ ಬರೆದಿರುವ ತೊಂದರೆಯೇ ಮರುಕಳಿಸುತ್ತದೆ. ಬ್ರೌಸರ್‌ನ ಭಾಷೆ ಬದಲಿಸಿದರೆ ಆ ಶೀರ್ಷಿಕೆಯೂ ಬದಲಾಗುತ್ತದೆ ಎಂಬುದು ಗಮನದಲ್ಲಿರಲಿ.

ಪ್ರಶ್ನೆ: ಎರಡು ಮಾನಿಟರ್‌ಗಳಿದ್ದರೆ ಇವೆಲ್ಲ ಬೇಕೇ?

ಉತ್ತರ: ವಿಂಡೋಸ್‌ನಲ್ಲಿ ಬೇಕು, ಏಕೆಂದರೆ ಅಲ್ಲಿ ಡೆಸ್ಕ್‌ಟಾಪ್ ಬದಲಾದಾಗ ಎಲ್ಲ ಮಾನಿಟರ್‌ಗಳೂ ಒಟ್ಟಿಗೇ ಬದಲಾಗುತ್ತವೆ. ಗ್ನೋಮ್‌ನಲ್ಲಿ ಸಾಮಾನ್ಯವಾಗಿ ಬೇಡ. ಸೆಟ್ಟಿಂಗ್ಸ್‌ನ ಮಲ್ಟಿಟಾಸ್ಕಿಂಗ್ ಪುಟದಲ್ಲಿ ‘ವರ್ಕ್‌ಸ್ಪೇಸಸ್ ಆನ್ ಪ್ರೈಮರಿ ಡಿಸ್‌ಪ್ಲೇ ಓನ್ಲಿ’ ಎಂದಿದ್ದರೆ ಎರಡನೆಯ ಮಾನಿಟರ್‌ನ ವಿಂಡೊಗಳು ಅಲುಗುವುದಿಲ್ಲ. ಮ್ಯಾಕ್‌ನಲ್ಲಿ ‘ಡಿಸ್‌ಪ್ಲೇಸ್ ಹ್ಯಾವ್ ಸೆಪರೇಟ್ ಸ್ಪೇಸಸ್’ ಎಂಬುದು ಚಾಲೂ ಇದ್ದಲ್ಲಿ ಒಂದೊಂದು ಮಾನಿಟರ್ ಬೇರೆ ಬೇರೆಯಾಗಿ ಬದಲಾಗುವುದರಿಂದ ಅಲ್ಲಿಯೂ ಬೇಡ.

ಪ್ರಶ್ನೆ: ಎಲ್ಲ ಸರಿಹೋಯಿತು. ಆದರೆ ಡೆಸ್ಕ್‌ಟಾಪ್ ಬದಲಿಸಿದ ಮೇಲೆ ಟೈಪ್ ಮಾಡತೊಡಗಿದರೆ ಕೆಲವೊಮ್ಮೆ ಅಕ್ಷರಗಳು ಪ್ಲೇಯರ್‌ಗೆ ಹೋಗಿ, ಸ್ಪೇಸ್ ಒತ್ತಿದಾಗ ವಿಡಿಯೊ ನಿಲ್ಲುತ್ತದೆ.

ಉತ್ತರ: ಡೆಸ್ಕ್‌ಟಾಪ್ ಬದಲಾದಾಗ ಕೀಬೋರ್ಡ್ ಯಾವ ವಿಂಡೊಗೆ ಸೇರಬೇಕು ಎಂದು ವ್ಯವಸ್ಥೆ ತೀರ್ಮಾನಿಸುತ್ತದೆ. ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ಇರುವ ವಿಂಡೊ ಪ್ರತಿ ಬಾರಿಯೂ ಒಬ್ಬ ಉಮೇದುವಾರ. ನೀವು ಆಗಷ್ಟೇ ಅದನ್ನು ಮುಟ್ಟಿದ್ದರೆ ಗೆಲ್ಲುವ ಸಂಭವವೂ ಅದಕ್ಕೇ ಹೆಚ್ಚು. ಕೆಡಿಇಯಲ್ಲಿ ಅದೇ ನಿಯಮಕ್ಕೆ ‘ಅಕ್ಸೆಪ್ಟ್ ಫೋಕಸ್’ ಎಂಬ ಗುಣವನ್ನು ಸೇರಿಸಿ ‘ನೋ’ ಎಂದಿಟ್ಟರೆ ತೊಂದರೆ ಬುಡದಲ್ಲೇ ನಿವಾರಣೆಯಾಗುತ್ತದೆ. ಮೌಸಿನಿಂದ ವಿಡಿಯೊ ನಿಲ್ಲಿಸುವುದಕ್ಕೆ ಅಡ್ಡಿಯಿಲ್ಲ. ವಿಂಡೋಸ್‌ನಲ್ಲಿ ಪ್ಲೇಯರನ್ನು ಮುಟ್ಟದೆ ನಡೆಸುವುದೇ ದಾರಿ. ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ ಹಾಟ್‌ಕೀಸ್ ಪುಟಕ್ಕೆ ಹೋದರೆ ಪ್ರತಿ ಕೆಲಸದ ಎದುರು ‘ಗ್ಲೋಬಲ್’ ಎಂಬ ಕಾಲಂ ಇದೆ. ಅಲ್ಲಿ ಆಟ-ವಿರಾಮಕ್ಕೂ ಹಿಂದೆ-ಮುಂದೆ ಸರಿಯುವುದಕ್ಕೂ ಬೇರೆ ಯಾವ ಪ್ರೋಗ್ರಾಂ ಬಳಸದ ಕೀಜೋಡಿಗಳನ್ನು ಕೊಟ್ಟರೆ, ನೀವು ಬರೆಯುತ್ತಿರುವ ಕಡತವನ್ನು ಬಿಟ್ಟೇಳದೆ ಉಪನ್ಯಾಸವನ್ನು ನಿಲ್ಲಿಸಬಹುದು, ತಪ್ಪಿಹೋದ ವಾಕ್ಯಕ್ಕೆ ಹಿಂದಿರುಗಬಹುದು. ಕೀಜೋಡಿಯಲ್ಲಿ ಕಂಟ್ರೋಲ್ ಅಥವಾ ಆಲ್ಟ್ ಇರಲೇಬೇಕು. ಸ್ಪೇಸ್ ಒಂದನ್ನೇ ಗ್ಲೋಬಲ್ ಕಾಲಂನಲ್ಲಿ ಕೊಟ್ಟರೆ ನಿಮ್ಮ ಬರಹದಲ್ಲಿ ಪದಗಳ ನಡುವೆ ತೆರಪೇ ಬೀಳದಂತಾದೀತು.